ನೀನು ಹೇಳುತ್ತಿದ್ದ ಕೊನೆಗಳು

ಎರ್ಮೆಸ್,

ನೀನು ಹೋಗಿ ಆರು ವರ್ಷವಾಯಿತು. ಈ ಕಾಗದವನ್ನು ಯಾವ ಅಂಚೆಯವನೂ ಒಯ್ಯಲಾರ. ಆದರೂ ಭಾನುವಾರದ ಸುದ್ದಿಯನ್ನು ನಿನಗೇ ಹೇಳಬೇಕು.

ನೀನು ಹೋದಮೇಲೆ ಮುಚ್ಚಿದ್ದ ಟಾಕೀಸು ಮತ್ತೆ ತೆರೆದಿದೆ; ಪಿಕ್ಚರ್ ಓಡಿಸುವ ನಿನ್ನ ಕೆಲಸಕ್ಕೆ ಮೊರೆನಾ ಎಂಬ ಹುಡುಗಿ ಬಂದಿದ್ದಾಳೆ. ಸಂಜೆಯ ಆಟದ ಇಂಟರ್ವಲ್ಲಿಗೆ ಎಲ್ಲರೂ ಹಿಂದಿನಂತೆಯೇ ರಸ್ತೆ ದಾಟಿ ನನ್ನ ಕಾಫಿ ಅಂಗಡಿಗೆ ಬಂದರು. ಹತ್ತು ನಿಮಿಷಕ್ಕೇ ಅವಳು ಖಾಲಿ ಕುರ್ಚಿಗಳಿಗೆ ಪಿಕ್ಚರ್ ಶುರು ಮಾಡಿಬಿಟ್ಟಳು. ಆಮೇಲೆ ಸಿಟ್ಟಾಗಿ ಇಲ್ಲಿಗೇ ಬಂದಳು.

"ಬೆಲ್ಲು ಕೇಳಿಸಲಿಲ್ವಾ?"

"ಕೇಳಿಸ್ತು ಕಣಮ್ಮ," ಅಂದ ಮುದುಕ ಒರೆಸ್ತೆ, ನನ್ನತ್ತ ಕೈ ತೋರಿಸಿ. "ಆದ್ರೆ ನೀವೆಸ್ ಇನ್ನೂ ಅಂಗಡಿ ಬಾಗಿಲ ದೀಪ ಆರಿಸಿಲ್ವಲ್ಲ. ಎರ್ಮೆಸ್ ಟಾಕೀಸಿನ ಕಿಟಕಿಯಿಂದ ಅದನ್ನ ನೋಡ್ಕೊಂಡೇ ಪಿಕ್ಚರ್ ಹಾಕ್ತಿದ್ದ. ಕಾಫಿ ಬಿಟ್ಟು ಓಡೋಕೆ ನಾವೇನು ಮಿಲಾನ್ ಪಟ್ಟಣದವರಾ?"

ಹುಡುಗಿ ನಕ್ಕು, ನಿಂತೇ ಒಂದು ಕಾಫಿ ಕುಡಿದಳು. "ಮತ್ತೆ ಹಾಕ್ತೀನಿ. ದೀಪ ಆರಿಸಿ ನೀವೂ ಬನ್ನಿ," ಅಂದಳು ನನಗೆ.

ನಲವತ್ತು ವರ್ಷ ಇಂಟರ್ವಲ್ ಆದಮೇಲೆ ಕಪ್ಪು ತೊಳೆಯುತ್ತ ಉಳಿದವಳು ನಾನು; ಪಿಕ್ಚರಿನ ಕೊನೆಯನ್ನು ಮಾರನೇ ಬೆಳಿಗ್ಗೆ ಕಾಫಿಗೆ ಬಂದಾಗ ನೀನೇ ಹೇಳುತ್ತಿದ್ದೆ. ಅವತ್ತು ಹಾಗೇ ಬಿಟ್ಟು ಹೋದೆ.

ಓಡುತ್ತಿದ್ದದ್ದು ರೈಲ್ವೆ ಗಾರ್ಡಿನ ಆ ಹಳೇ ಪಿಕ್ಚರ್. ಅವನು ಬಟ್ಟೆ ಹೊಲಿಯುವವಳನ್ನು ಮದುವೆಯಾದ ಅಂತ, ಹಿಂದೊಮ್ಮೆ ಅದನ್ನು ಹಾಕಿದ ಮಾರನೇ ಬೆಳಿಗ್ಗೆ ನೀನು ಹೇಳಿದ್ದೆ. ಹೇಳಿ ನನ್ನ ಮುಖವನ್ನೇ ನೋಡಿದ್ದೆ. ದಿನಾ ಕೇಳದೆಯೇ ನಿನ್ನ ಕಾಫಿಗೆ ಎರಡು ಚಮಚ ಹಾಕಿಕೊಡುತ್ತಿದ್ದ ನಾನು, "ಸಕ್ಕರೆ ಎಷ್ಟು?" ಅಂದಿದ್ದೆ.

ಅವರ ಮದುವೆ ಆಗೋದಿಲ್ಲ, ಎರ್ಮೆಸ್. ಅವನು ಒಬ್ಬನೇ ರೈಲು ಹತ್ತುತ್ತಾನೆ.

ಒರೆಸ್ತೆ ಕಣ್ಣೊರೆಸಿಕೊಳ್ಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಇನ್ನೆಷ್ಟು ಜೋಡಿಗಳಿಗೆ ಹೀಗೆ ಮದುವೆ ಮಾಡಿಸಿದ್ದೆಯೋ ಮಾರಾಯ, ಇನ್ನು ಪ್ರತಿ ಭಾನುವಾರ ಹೋಗಿ ನೋಡುತ್ತೇನೆ.

ನೀವೆಸ್