ಗಾಡಿಗೆ ಉಸರ ಸಾಲವಲ್ದು ಅಂದಿದ್ರಿ

ಗುರಸಿದ್ದ ಕಾಕಾ,

ನಿಮ್ಮ ಡಾಕ್ಟರ ಅಕ್ಕಾರ ಬರಿಯೂದು. ನೀವು ಬಟ್ಟ ಇಟಗೋತ, ಅಕ್ಷರಕ್ಕ ಅಕ್ಷರ ಕೂಡಿಸಿ ಓದೂ ಮನಷ್ಯಾರು. ಅದಕ್ಕ ಔಷಧದ ಚೀಟಿ ಗೀಚಿದಂಗ ಗೀಚದ, ಸಾಲೀ ಹುಡಿಗ್ಯಾರ ಹಂಗ ದುಂಡಗ ಬರೀಲಿಕ್ಹತ್ತೇನಿ. ಸಿಟ್ಟ ಬಂದ್ರ ಹರದ ಒಗೀರಿ. ಆದ್ರ ಪೂರಾ ಓದಿ ಒಗೀರಿ. ನೋಡ್ರಿ, ತಪ್ಪಾತು ಅನ್ನಲಿಕ್ಕೆ ಕುಂತಾಕಿ ಮತ್ತ ಹುಕುಂ ಮಾಡಲಿಕ್ಹತ್ತೇನಿ. ನೀವು ತೀರಿಕೊಂಡು ಐದು ತಿಂಗಳಾತು, ನನ್ನ ಬಾಯಿ ಮಾತ್ರ ಇನ್ನೂ ಹಂಗೇ ಅದ.

ಬೆಳಗಾವ್ಯಾಗ ಆ ಹಳೇ ಕಾರು ಕೊಂಡ ದಿನ ನೆನಪದ ಏನು? ಮಾರಿದ ಸಾಹುಕಾರ್ರು ಕೀಲಿ ಕೊಟ್ಟು, ಬಾಜೂಕ ನಿಂತಿದ್ದ ನಿಮ್ಮ ಕಡೆ ಕೈ ಮಾಡಿ, "ಈ ಗಾಡಿ ಹಟಾ ಗೊತ್ತಿದ್ದಾಂವ ಇವನೊಬ್ಬನೇ, ಇವನ್ನೂ ಕರಕೊಂಡ ಹೋಗ್ರಿ" ಅಂದ್ರು. ದವಾಖಾನಿ ಬೈಲಹೊಂಗಲದಾಗ ಅಂದ್ರ ನಮ್ಮೂರು ಚಚಡಿ ಸನೇಕ ಆಗತೈತಿ ಅಂತ ನೀವು ಹೂಂ ಅಂದ್ರಿ. ನಮ್ಮಪ್ಪ ಶಾಸ್ತ್ರಿಗಳು, "ಪಂಚಾಂಗ ನೋಡೂ ಮನಿತನದಾಗ ಹೆಣ್ಣಮಗಳು ಡಾಕ್ಟರ್ ಆದದ್ದೇ ಹೆಚ್ಚಾತು, ಇನ್ನ ಮೋಟಾರ ಬ್ಯಾರೆ" ಅಂತ ಗೊಣಗಿದ್ರು. ಆ ಮೋಟಾರು ನನಗ ಹೊಡೀಲಿಕ್ಕೆ ಕಲಿಸಿದವರು ನೀವು. ಸವದತ್ತಿ ರಸ್ತೇದಾಗ, ಎರಡೂ ಕಡೆ ಜೋಳದ ಹೊಲ, ಕಳೇ ತಗಿಯೂ ಹೆಣ್ಣಮಕ್ಕಳು ಕುರಪಿ ಬಿಟ್ಟು ಎದ್ದ ನಿಂತು ನೋಡೂವರು. "ಕ್ಲಚ್ಚಿನ ಮ್ಯಾಲೆ ಕಾಲಿಟ್ಟ ಕುಂಡ್ರಬ್ಯಾಡ್ರಿ ಅಕ್ಕಾರ, ಅದೇನ ನಿಮ್ಮ ಊಟದ ಮಣೀ ಅಲ್ಲ" ಅಂತ ಬೈತಿದ್ರಿ. ನನ್ನ ಬೈದು ದಕ್ಕಿಸಿಕೊಂಡವರು ಈ ಊರಾಗ ನೀವೊಬ್ಬರೇ.

ನೇಸರಗಿಯೊಳಗ ಕೂಸು ಅಡ್ಡ ತಿರಗಿದ ಆ ಹೆರಿಗಿ ನೆನಸಿಕೊಳ್ರಿ. ಹಳ್ಳಕ್ಕ ನೀರು ಬಂದಿತ್ತು, ಬಸ್ಸು ಆಚೀ ದಂಡಿಗೆ ನಿಂತುಬಿಟ್ಟಿತ್ತು. ನೀವು ಧೋತರ ಎತ್ತಿ ಕಟ್ಟಿ, ನಡದ ಹೋಗಿ ಆಳ ನೋಡಿ ಬಂದು, ಗಾಡಿ ನೀರಿಗಿಳಿಸಿದ್ರಿ. ತಾಯಿ, ಕೂಸು ಎರಡೂ ಉಳದವು. ಮುಂದ ಒಂದು ತಿಂಗಳಿಗೆ ಆ ಹುಡಿಗೀ ಅತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗಿ, ಭಂಡಾರದ ಅರಿಷಿಣದಾಗ ಅದ್ದಿದ ದಾರಾ ತಂದು ನನ್ನ ಕೈಗೆ ಕಟ್ಟಲಿಕ್ಕೆ ಬಂದ್ಲು. ನಾನೇ ಅಂದೆ, "ನನಗ್ಯಾಕವಾ, ಹೊತ್ತಿಗೆ ಮುಟ್ಟಿಸಿದ್ದು ಗಾಡಿ, ಅದಕ್ಕ ಕಟ್ಟು." ಮುಂದಿನ ಹಲಗೀ ಮ್ಯಾಲೆ ಗೂಟದಂಗ ಹೊರಗ ಬಂದ ಒಂದು ಗುಂಡಿ ಕಂಡಿತು. ಅದರ ಕುತಗೀಗೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಕೈ ಮುಗದ್ಲು. ಸುದ್ದಿ ಹಬ್ಬಿತು ನೋಡ್ರಿ. ಸವದತ್ತಿ ಕಡೆಯವರು, ರಾಮದುರ್ಗದ ಕಡೆಯವರು, ಯಾರ ಮನ್ಯಾಗ ಹೆರಿಗಿ ಸುಸೂತ್ರ ಆದರೂ ಅಲ್ಲೊಂದು ದಾರಾ. ನನಗೂ ಭಾಳ ಹೆಮ್ಮಿ. ಬೀಗರು ಬಿಜ್ಜರು ಬಂದ್ರ ಗಾಡಿ ಬಾಗಲಾ ತಗದು ತೋರಸತಿದ್ದೆ.

ಪೆಟ್ರೋಲು ತುಟ್ಟಿ ಆದ ವರ್ಷ ಅದು. ಅದೇ ಹೊತ್ತಿಗೆ ಗಾಡೀನೂ ಕುಡಿಯೂದು ಹೆಚ್ಚ ಮಾಡಿತು. ಮೊದಲ ಒಮ್ಮೆ ತುಂಬಿಸಿದ್ರ ನೇಸರಗಿ, ಕಿತ್ತೂರು, ಚಚಡಿ ಎಲ್ಲಾ ತಿರಗಿ ಬಂದು ಇನ್ನೂ ಉಳೀತಿತ್ತು. ಈಗ ಕಿತ್ತೂರಿಗೆ ಎರಡ ಸಲಾ ಹೋಗಿ ಬರೂದ್ರಾಗ ಖಾಲಿ. ನಾ ಏನ ಮಾಡಿದೆ? ಒಣಾ ದಂಟು ಪೆಟ್ರೋಲ ಟಾಕಿಯೊಳಗ ಇಳಿಬಿಟ್ಟು ಅಳೀಲಿಕ್ಕೆ ಸುರು ಮಾಡಿದೆ. ಸಂಜೀಕೊಮ್ಮೆ, ಮುಂಜಾನೆ ನೀವು ಬರೂಕ್ಕಿಂತ ಮೊದಲೊಮ್ಮೆ. ನಿಮಗ ಗೊತ್ತಾಗದಂಗ ಅಂತ ನನ್ನ ಜಾಣತನ. ನೀವು ಮೂರನೇ ದಿನ ಬಿದಿರಿಂದೊಂದು ಕಡ್ಡಿ ನುಣ್ಣಗ ಕೆತ್ತಿ, ಬಟ್ಟಿಗೊಂದು ಗುರುತು ಹಾಕಿ ತಂದು ಕೊಟ್ರಿ. "ದಂಟ ಬ್ಯಾಡ್ರಿ, ಅದು ಮುರದ ಒಳಗ ಬಿದ್ರ ಪೈಪು ಕಟ್ಟತೈತಿ. ಇದರ್ಲೆ ಅಳೀರಿ" ಅಂದ್ರಿ. ಇಷ್ಟೇ. ನನಗ ನಾಚಿಗಿ ಬರಬೇಕಿತ್ತು. ಬರಲಿಲ್ಲ. ರಾತ್ರಿ ಎಣ್ಣಿ ಇಳೀವಲ್ದು ಅಂತ ನಿಮ್ಮ ಕಡ್ಡೀನೇ ಸಾಕ್ಷಿ ಹೇಳಿದಾಗ, ಹಂಗಾದ್ರ ನಾ ಒಳಗ ಹೆರಿಗಿ ಮಾಡಸೂ ಮುಂದ ಇವರು ಹೊರಗ ತಗೀತಾರ ಅಂತ ಲೆಕ್ಕಾ ಹಾಕಿದೆ.

ನೀವೇನ ಸುಮ್ಮ ಕುಂತಿದ್ರೇನು? ನಾಲ್ಕೂ ಗಾಲಿಗೆ ಗಾಳಿ ಹಾಕಿಸಿದ್ರಿ. ಪೈಪು ಎಲ್ಲೆರೆ ಸೋರತದೇನು ಅಂತ ಗಾಡಿ ಬುಡಕ ಮಕ್ಕೊಂಡು ನೋಡಿದ್ರಿ. ಪ್ಲಗ್ಗು ಬಿಚ್ಚಿ ತೋರಿಸಿ, "ನೋಡ್ರಿಲ್ಲೆ, ಒಲೀ ಮ್ಯಾಲಿನ ಗಡಗಿ ಆದಂಗ ಆಗೇತಿ. ಗಾಡಿಗೆ ಉಸರ ಸಾಲವಲ್ದ್ರಿ ಅಕ್ಕಾರ" ಅಂದ್ರಿ. ನಾ ಏನಂದೆ? "ನನ್ನ ಸ್ಟೆಥಾಸ್ಕೋಪ ಕೊಡಲೇನು, ಎದಿ ನೋಡತೀರೇನು?" ಅಂದು ನಕ್ಕೆ. ಎರಡ ದಿನ ಬಿಟ್ಟು ನೀವು ಭಾಳ ಅನಮಾನಿಸಿ ಕೇಳಿದ್ರಿ, "ಆ ಗುಂಡಿ ಮ್ಯಾಲಿನ ದಾರಾ ಬಿಚ್ಚಿ ಕನ್ನಡೀಗೆ ಕಟ್ಟೂಣೇನ್ರಿ?" ನಾ ಹಾವು ತುಳದಾಕೀಗತೆ ಮೈಮ್ಯಾಲೆ ಬಂದೆ. "ಬಾಣಂತೇರು ಹರಕಿ ಹೊತ್ತು ಕಟ್ಟಿದ್ದು ಅದು. ಕೈ ಹಚ್ಚಿದ್ರ ನೋಡ್ರಿ ಮತ್ತ!" ಯಾಕ ಅಂತ ಕೇಳಲಿಲ್ಲ, ಕಾಕಾ. ಪೇಷಂಟು ಹೊಟ್ಟಿ ನೋವಂದ್ರ ಎಲ್ಲೆ, ಯಾವಾಗಿಂದ, ಏನ ತಿಂದೀ ಅಂತ ಹತ್ತು ಮಾತು ಕೇಳಾಕಿ. ನಿಮ್ಮನ್ನ ಒಂದು ಮಾತು...

ಆ ಸಂತೀ ದಿನ ಬರೀಲಿಕ್ಕೆ ಕೈ ಏಳವಲ್ದು. ಆದ್ರೂ ಬರೀತೇನಿ. ಪಂಪಿನ ಮುಂದ ಎರಡು ಲಾರಿ, ಒಂದು ಜೀಪು, ಸಂತೀಗೆ ಹೊಂಟ ಮಂದಿ. ಪಂಪಿನ ಶಂಕ್ರಪ್ಪ ಪೆಟ್ರೋಲ ಹಾಕಿಕೋತ, "ಮೊನ್ನೇರೆ ತುಂಬಿಸಿದ್ರಲ್ರೀ ಬಾಯಾರ, ಇಷ್ಟ ಲಗೂ ಮುಗೀತ?" ಅಂದ. ನಾ ಎಲ್ಲಾರಿಗೂ ಕೇಳೂವಂಗ ಅಂದೆ, "ಗಾಡಿ ಕುಡೀತದೋ, ಗಾಡಿ ಹೊಡಿಯಾಂವ ಕುಡೀತಾನೋ, ಯಾರ ಕಂಡಾರ?" ಹತ್ತ ವರ್ಷ ನಿಮಗ 'ರೀ' ಬಿಟ್ಟು ಮಾತಾಡಲಾರದ ಬಾಯಿ ಅವತ್ತು 'ತಾನೋ' ಅಂತು. ಕಳ್ಳ ಅಂದದ್ದಕ್ಕಿಂತ ಆ 'ತಾನೋ' ನಿಮಗ ಹೆಚ್ಚ ನಟ್ಟಿರಬೇಕು. ನೀವು ಹೆಗಲ ಮ್ಯಾಲಿನ ವಸ್ತ್ರದ್ಲೆ ಕೀಲಿ ಒರಸಿ ಬಾನೆಟ್ಟಿನ ಮ್ಯಾಲಿಟ್ರಿ. "ಬರತೇನ್ರಿ ಅಕ್ಕಾರ" ಅಂದ್ರಿ. ಬಸ್ ಸ್ಟ್ಯಾಂಡಿನ ಕಡೆ ನಡದ ಹೋದ್ರಿ. ದಾರದ ಮಾತು ಅಲ್ಲೆರೆ ಯಾಕ ಎತ್ತಲಿಲ್ಲ? ಇಷ್ಟು ಮಂದಿ ಮುಂದ ನನ್ನ ಹೆಡ್ಡಿ ಮಾಡಬಾರದು ಅಂತೇನು? ಇಲ್ಲಾ, ಇಕೀ ಮುಂದ ಏನ ಹೇಳಿ ಏನ ಉಪಯೋಗ ಅಂತೇನು?

ಮಾರನೇ ದಿನದಿಂದ ನಾನೇ ಗಾಡಿ ಹೊಡದೆ. ಎಣ್ಣಿ ಉಳೀತೇನು? ಒಂದು ಹನಿ ಉಳೀಲಿಲ್ಲ. ಮೊದಲನೇ ವಾರದಾಗೇ ನನಗ ತಿಳದಿತ್ತು, ಕಾಕಾ, ಇದನ್ನ ಮುಚ್ಚಿಡೂದಿಲ್ಲ. ಆದ್ರ ಮನಸಿಗೆ ಬ್ಯಾರೆ ಹೇಳಿಕೊಂಡೆ: ನನಗ ಸರೀಗೆ ಹೊಡೀಲಿಕ್ಕೆ ಬರೂದಿಲ್ಲ, ಅದಕ್ಕ ಹೆಚ್ಚ ಕುಡೀತದ. ರಸ್ತೆ ಕೆಟ್ಟದ, ಅದಕ್ಕ. ಪೆಟ್ರೋಲಿನ್ಯಾಗ ಸೀಮೀ ಎಣ್ಣಿ ಬೆರಸ್ಯಾರ, ಅದಕ್ಕ. ಚಚಡಿಗೆ ಬಂದು "ಕಾಕಾ, ನಡೀರಿ" ಅನ್ನಲಿಕ್ಕೆ ಅರ್ಧಾ ದಿನದ ಕೆಲಸ. ಎರಡು ತಿಂಗಳು ಅದೊಂದು ಬಿಟ್ಟು ಎಲ್ಲಾ ಮಾಡಿದೆ. ಆಮ್ಯಾಲೆ ಬಸ್ಸಿನ ಕಂಡಕ್ಟರು ಸುದ್ದಿ ತಂದ, ನೀವು ಹೋದ್ರಿ ಅಂತ. ದವಾಖಾನೀ ತುಂಬ ಮಂದಿ ಅದ ಅಂತ ನೆಪಾ ಮಾಡಿ ನಾ ಮಣ್ಣಿಗೂ ಬರಲಿಲ್ಲ. ಖರೇ ಅಂದ್ರ ನಿಮ್ಮ ಮಾರಿ ನೋಡೂ ಧೈರ್ಯ ಇದ್ದಿದ್ದಿಲ್ಲ.

ಹೋದ ತಿಂಗಳು ಕಿತ್ತೂರಿಗೆ ಹೋದಾಗ ಗಾಡಿ ಹೆದ್ದಾರ್ಯಾಗ ಕರೇ ಹೊಗಿ ಬಿಟಗೋತ ನಿಂತೇ ಬಿಟ್ಟಿತು. ಅಲ್ಲಿ ಗ್ಯಾರೇಜಿನ ಇಮಾಮಸಾಬ ಅಂತ ಮೇಸ್ತ್ರಿ, ವಯಸ್ಸಾದ ಮನಷ್ಯಾ, ಹೊಗಿ ಪೈಪಿನೊಳಗ ಬಟ್ಟು ಹಾಕಿ ತಗದು ಮಸಿ ತೋರಿಸಿದ. ಗಾಡಿ ಚಾಲೂ ಮಾಡಿಸಿ, ಎಂಜಿನ್ನಿಗೆ ಕಿವೀ ಹಚ್ಚಿ ಒಂದೀಟು ಹೊತ್ತು ಕೇಳಿ, ಸೀದಾ ಬಾಗಲಾ ತಗದು ಒಳಗ ಬಗ್ಗಿದ. ಗುಂಡಿ ನೋಡಿ ನಕ್ಕ. "ಇದೇನ್ರಿ ಬಾಯಾರ, ಚೋಕೋ, ಗದ್ದಿಗೀಯೋ?" ನೀವು ನನಗ ಮೊದಲನೇ ದಿನಾನೇ ಕಲಿಸಿದ್ದು, ದಾರಾ ಕಟ್ಟಿದ ಮ್ಯಾಲೆ ನಾ ಮರತೇ ಬಿಟ್ಟಿದ್ದು ಅದು: ಮುಂಜಾನೆ ಥಂಡ್ಯಾಗ ಚಾಲೂ ಮಾಡಲಿಕ್ಕೆ ಚೋಕು ಹೊರಗ ಜಗ್ಗಬೇಕು, ಆಗ ಗಾಳಿ ಕಡಿಮಿ ಆಗಿ ಎಣ್ಣಿ ಜಾಸ್ತಿ ಹೋಗತೈತಿ, ಗಾಡಿ ಬಿಸಿ ಆದ ಮ್ಯಾಲೆ ಪೂರಾ ಒಳಗ ನೂಕಬೇಕು. ಪೂರಾ ಒಳಗ ಎಲ್ಲಿ ಹೋಗಬೇಕು? ಕುತಗೀ ತುಂಬ ದಾರಾ, ಬಟ್ಟಿನ ದಪ್ಪ, ಭಂಡಾರ ಕುಡದು ಕುಡದು ಕಟಗೀ ಆದಂಗ ಬಿರಸ ಆಗಿತ್ತು. ತಿಂಗಳಗಟ್ಟಲೆ ಗಾಡಿ ಅರ್ಧಾ ಉಸರಿನ್ಯಾಗೇ ಓಡೇದ. ಥಂಡ್ಯಾಗೂ ಒಂದೇ ಹೊಡತಕ್ಕ ಚಾಲೂ ಆಗತದ, ಅದು ತಾಯಿ ಯಲ್ಲಮ್ಮನ ಆಶೀರ್ವಾದ ಅಂತ ನಾ ಎಲ್ಲಾರ ಮುಂದ ಹೇಳತಿದ್ದೆನಲ್ಲಾ, ಅದೂ ಇದೇ ಕಾರಣಕ್ಕ. ಇಮಾಮಸಾಬ ದಾರಕ್ಕ ಕೈ ಹಚ್ಚಲಿಲ್ಲ. "ನೀವೇ ಬಿಚ್ರಿ, ಹರಕೀದು" ಅಂದ. ಗಂಟು ಬಿಚ್ಚಲಿಕ್ಕೆ ಬರಲಿಲ್ಲ. ಹೊಕ್ಕಳಬಳ್ಳಿ ಕತ್ತರಸೂ ಕತ್ರೀಲೆ ಕತ್ತರಿಸಿದೆ. ಗುಂಡಿ ಒಳಗ ಹೋತು. ತಿರಗಿ ಬರೂ ಮುಂದ ಗಾಡಿ ಹಗರ ಓಡಿತು, ಮರುದಿನ ನಿಮ್ಮ ಬಿದಿರ ಕಡ್ಡಿ ಇಳಿಬಿಟ್ಟು ನೋಡಿದ್ರ ಎಣ್ಣಿ ಇನ್ನೂ ಅರ್ಧಾಕ್ಕಿಂತ ಮ್ಯಾಲೆ. ಅಲ್ಲೇ ಅಂಗಳದಾಗ ಕಡ್ಡಿ ಹಿಡಕೊಂಡು ಅತ್ತೆ. ನಮ್ಮಪ್ಪ ಯಾರ ಸತ್ರು ಅಂತ ಗಾಬರಿ ಆಗಿ ಹೊರಗ ಬಂದ್ರು.

ಅವತ್ತೇ ಚಚಡಿಗೆ ಹೋದೆ. ನಿಮ್ಮ ಮನೀಯವರು, ನೀಲವ್ವ ಕಾಕು, ಕಟ್ಟೀ ಮ್ಯಾಲೆ ಕಾಳು ಹಸನ ಮಾಡಲಿಕ್ಹತ್ತಿದ್ರು. ಗಾಡಿ ನೋಡಿ ಎದ್ದರು, ಗಾಡಿಯೊಳಗಿಂದ ಇಳದದ್ದು ನಾನು ಅಂತ ಕಂಡು ಮತ್ತ ಕುಂತ್ರು. ನೀರು ಕೊಟ್ರು. ಎಲ್ಲಾ ಹೇಳಿದೆ. ಅವರ ಕೈ ಮೊರದಾಗಿನ ಕಾಳಿನ್ಯಾಗ ಆಡಿಕೋತೇ ಇತ್ತು. "ಹೊಂಗಲದಿಂದ ಬಂದ ಮ್ಯಾಲೆ ಊರ ಕಟ್ಟೀಗೆ ಕುಂಡ್ರೂದ ಬಿಟ್ಟಿದ್ರು. ಸಂತೀಗೆ ಕಳಸಿದ್ರ, ಬ್ಯಾಡ ನೀಲವ್ವಾ, ಮಂದಿ ನೋಡತಾರ ಅಂತಿದ್ರು" ಅಂದ್ರು. ನಿಮಗ ಎದಿ ಹಿಡಕೊಂಡಾಗ ಅಕ್ಕಾರಿಗೆ ಹೇಳಿ ಕಳಸಲೇನು ಅಂತ ಅವರು ಕೇಳಿದ್ರಂತ. ನೀವು, "ಬ್ಯಾಡ. ಆ ಗಾಡಿ ಇಲ್ಲೀತನಕ ಬರಲಿಕ್ಕೆ ಎಷ್ಟ ಎಣ್ಣಿ ಕುಡಿತೈತಿ ನನಗ ಗೊತ್ತೈತಿ" ಅಂದ್ರಂತ. ನಗಿಚಾಟಕಿಗೆ ಅಂದ್ರೇನು ಕಾಕಾ, ಸಿಟ್ಟಿಲೆ ಅಂದ್ರೇನು? ಕಾಕು ಅವರಿಗೂ ಗೊತ್ತಾಗಲಿಲ್ಲಂತ. ಅವರ ಕಾಲು ಹಿಡೀಲಿಕ್ಕೆ ಹೋದೆ, ಹಿಂದ ಸರಕೊಂಡ್ರು. "ನನ್ನ ಮುಂದ ಯಾಕ ಹೇಳಾಕತ್ತೀರಿ? ನಾ ಯಾವಾಗರೆ ಸಂಶೇ ಪಟ್ಟಿದ್ನೇನು? ಯಾರ ಮುಂದ ಅಂದಿದ್ರಿ, ಅವರ ಮುಂದ ಹೇಳ್ರಿ" ಅಂದ್ರು.

ಹೋದ ಸಂತೀಗೆ ಹೋದೆ. ಪೆಟ್ರೋಲ ಹಾಕಿಸಿಕೊಂಡು, ಬಾಯಿ ತಗದು, ಮತ್ತ ಮುಚ್ಚಿಕೊಂಡು ಮನೀಗೆ ಬಂದೆ. ಮಂದೀಗೆ ಬೈಲಿಕ್ಕೆ ಎಂದೂ ತಡವರಸಲಾರದಾಕಿ. ಎಂಟು ದಿನ ಊಟ ಸೇರಲಿಲ್ಲ.

ಇವತ್ತು ಮತ್ತ ಹೋದೆ. ಸಂತೀ ಮಂದಿ, ಲಾರಿಯವರು, ಶಂಕ್ರಪ್ಪ, ಎಲ್ಲಾರೂ ಇದ್ರು. ಗಾಡಿಯಿಂದ ಕೆಳಗ ಇಳದು, ಅವತ್ತಿನಷ್ಟೇ ದೊಡ್ಡ ದನೀಲೆ ಅಂದೆ: "ಗುರಸಿದ್ದಪ್ಪನವರು ಒಂದು ಹನಿ ಪೆಟ್ರೋಲ ಕದ್ದಿದ್ದಿಲ್ಲ. ನಾ ಕಟ್ಟಿಸಿದ ದಾರಾ ಚೋಕಿಗೆ ಅಡ್ಡ ಬಂದಿತ್ತು. ಅವರು ಹೇಳಿದ್ರು, ನಾ ಕೇಳಲಿಲ್ಲ. ತಪ್ಪು ನಂದು." ಯಾರೂ ಅಯ್ಯ ಅನ್ನಲಿಲ್ಲ, ಯಾರೂ ಬೆರಗಾಗಲಿಲ್ಲ. ಒಬ್ಬರ ಮಾರಿ ಒಬ್ಬರು ನೋಡಿದ್ರು. ಶಂಕ್ರಪ್ಪ ಕೈ ಒರಸಿಕೋತ ಅಂದ, "ಅದೇನ ನಮಗ ಗೊತ್ತಿರಲಿಲ್ಲೇನ್ರಿ ಬಾಯಾರ? ಗುರಸಿದ್ದ ಕದಿಯೂ ಮನಷ್ಯಾ ಅಂತ ಇಲ್ಲಿ ಯಾರೂ ಒಂದಿನಾನೂ ಅಂದಿಲ್ಲ." "ಹಂಗಾರ ಅವತ್ತ ಯಾಕ ಯಾರೂ ಬಾಯಿ ಬಿಡಲಿಲ್ಲ?" ಅಂದೆ. ಅಂವಾ ಕೆಳಗ ನೋಡಿದ. "ನೀವು ಡಾಕ್ಟರ್ರು. ನಾಳೆ ನಮ್ಮ ಮನೀ ಹೆಣ್ಣಮಕ್ಕಳನ್ನ ನಿಮ್ಮ ಕಡೆನೇ ಕರಕೊಂಡ ಬರಬೇಕಲ್ರಿ" ಅಂದ.

ಇದನ್ನ ಹೇಳಲಿಕ್ಕೆ ಕುಂತೇನಿ, ಕಾಕಾ. ಇದನ್ನ ನಿಮಗ ಯಾರೂ ಬಂದು ಹೇಳಲಿಲ್ಲ. ಮಂದಿ ನೋಡತಾರ, ಮಂದಿ ಅನತಾರ ಅಂತ ನೀವು ಚಚಡಿ ಮನ್ಯಾಗ ಕುಂತು ದಿನಾ ತಗದ್ರಿ. ಯಾವ ಮಂದೀನೂ ಏನೂ ಅಂದಿರಲಿಲ್ಲ. ಇಡೀ ಬೈಲಹೊಂಗಲದಾಗ ಆ ಮಾತು ನಂಬಿದಾಕಿ ನಾನೊಬ್ಬಾಕಿನೇ. ನೀವು ಸಂತೀಗೆ ಬರಬಹುದಿತ್ರಿ ಕಾಕಾ.