ಗಾದಿ ಮೇಲೆ ಕೂತ ಸಾಹೇಬ

ಸೋಮವಾರ, ಜೂನ್ 16

ನಾಳೆ ಕೊಪ್ಪಳದ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸಕ್ಕೆ ಸಂದರ್ಶನ. ಹೋದ ಸಲ ಗಂಗಾವತಿಯಲ್ಲಿ "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದಾಗ ಬಾಯಿ ಕಟ್ಟಿಹೋಗಿತ್ತು. ಆ ಪ್ರಶ್ನೆ ಇವತ್ತೂ ದಿನವಿಡೀ ತಲೆ ತಿಂದಿತು.

ಸಂಜೆ ಗಾದಿ ಹೊಲಿಯುತ್ತಿದ್ದ ಅಪ್ಪನನ್ನೇ ಸಾಹೇಬನನ್ನಾಗಿ ಮಾಡಿದೆ. ಗಡ್ಡಕ್ಕೆ ಅಂಟಿದ ಹತ್ತಿಯ ಸಮೇತ, ಅರ್ಧ ಹೊಲಿದ ಗಾದಿಯ ಮೇಲೆ ಎದೆಯುಬ್ಬಿಸಿ ಕೂತ. ನನ್ನ ಮೊಬೈಲಿನಲ್ಲಿದ್ದ ಪ್ರಶ್ನೆ ನೋಡಿಕೊಂಡು ಕೇಳಿದ: "ಬರ್ರಿ, ಕುಂದರ್ರಿ. ನಿಮ್ಮೊಳಗ ಏನ್ ಕುಂದೈತಿ, ಹೇಳ್ರಿ."

ನಾನು ಬಾಯಿ ತೆರೆಯುವುದರೊಳಗೆ ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನ್ ಕುಂದೈತ್ರಿ ನನ್ನ ಮಗಳಿಗೆ? ಅಡಿಗಿ ಬರತೈತಿ, ಹೊಲಿಗಿ ಬರತೈತಿ, ಡಿಗ್ರಿ ಮುಗಿಸ್ಯಾಳ!" ಹೆಣ್ಣು ನೋಡಲು ಬಂದವರೆದುರು ಹೇಳುವ ಅದೇ ಧಾಟಿ.

"ಲಾಲಬೀ, ಇದು ನೌಕರಿ ವಿಷಯ," ಎಂದ ಅಪ್ಪ.

"ಯಾವುದಾದ್ರೇನ್ರಿ? ಕುಂದು ಮನಿಯೊಳಗ ಇರಬೇಕು. ಮುಂಜಾನಿ ಲಗೂನ ಏಳಂಗಿಲ್ಲ, ಚಾ ಕುಡಿದ ಕಪ್ಪು ಎತ್ತಂಗಿಲ್ಲ. ಅದನ್ನೆಲ್ಲ ಅಲ್ಲಿ ಹೇಳಾಕ ಹೋಗಬ್ಯಾಡ, ಶಮೀನಾ!"

ನಕ್ಕು ನಕ್ಕು ಮೂವರಿಗೂ ಹೊಟ್ಟೆ ಹುಣ್ಣಾಯಿತು. ನಾಳೆ ಅದೇ ಪ್ರಶ್ನೆ ಬಂದರೆ ನನಗೆ ನೆನಪಾಗುವುದು ಅವ್ವನ ಹಿಟ್ಟಿನ ಕೈ. ಇನ್ನು ಹೆದರಿಕೆ ಎಲ್ಲಿಂದ ಬರಬೇಕು?

ಈಗಷ್ಟೇ ಅಪ್ಪ ಬಾಗಿಲಲ್ಲಿ ಇಣುಕಿದ. ಆಟ ಮುಗಿದದ್ದನ್ನು ಮರೆತಿದ್ದನೋ ಏನೋ.

"ಸಾಕು, ಮಲಕೋರಿ ಮೇಡಂ."

ನಾನು ಹುಟ್ಟಿದಾಗಿನಿಂದ 'ಏ ಹುಡುಗಿ' ಎಂದೇ ಕರೆದವನು. ದನಿಯಲ್ಲಿ ತಮಾಷೆ ಇರಲಿಲ್ಲ. ನಗಬೇಕೆಂದುಕೊಂಡೆ, ಆಗಲಿಲ್ಲ.

"ಹೂಂರಿ, ಸಾಹೇಬ್ರ," ಎಂದೆ.