ಏಳು ಗಂಟೆಯ ಸಾಲು

ಮಾರ್ಚ್ 4, ಸೋಮವಾರ

ನಾನು ಬರೆಯುತ್ತಿರುವ ಸಂಭವನೀಯತೆಯ ಪುಸ್ತಕದ ಆರನೇ ಅಧ್ಯಾಯ ಮುಗಿಯಿತು. ನಾಣ್ಯ, ದಾಳಗಳ ಉದಾಹರಣೆ ನನ್ನ ವಿದ್ಯಾರ್ಥಿಗಳಿಗೆ ಸಾಕಾಗಿದೆ. ಈ ಸಲ ಅಕ್ಕ ಕೆಲಸ ಮಾಡುವ ಆಸ್ಪತ್ರೆಯ ರಕ್ತ ತೆಗೆಯುವ ಕಿಟಕಿ — ದಿನಕ್ಕೆ ನೂರಿಪ್ಪತ್ತು ಜನ, ಎಂಟು ಗಂಟೆಗಳ ಕೆಲಸ, ಒಬ್ಬರಿಗೆ ಸುಮಾರು ಮೂರು ನಿಮಿಷ. ಪ್ರೋಗ್ರಾಂ ಬರೆದು ಕಂಪ್ಯೂಟರಿನಲ್ಲಿ ಸಾವಿರ ದಿನ ಓಡಿಸಿದೆ. ಎರಡರ ಬದಲು ಒಂದೇ ಕಿಟಕಿ ಇದ್ದರೂ ಸರಾಸರಿ ಕಾಯುವುದು ಒಂಬತ್ತು ನಿಮಿಷ! ಗ್ರಾಫ್ ಮುದ್ದಾಗಿದೆ. ಬೀಗುತ್ತಾ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೂ ಕಳಿಸಿದೆ. ಅಂಕಿಅಂಶ ಕೊಟ್ಟವರು ಅವರೇ ತಾನೆ.

ಮಾರ್ಚ್ 7, ಗುರುವಾರ

ಅಕ್ಕನ ಫೋನ್. ಹಲೋ ಕೂಡ ಇಲ್ಲ.

"ಎರಡನೇ ಕಿಟಕಿ ಮುಚ್ತಾರಂತೆ ಕಣೇ. ಸೋಮವಾರದಿಂದ ನಾನೊಬ್ಳೇ. ನಿನ್ನ ಗ್ರಾಫ್ ನೋಟೀಸ್ ಬೋರ್ಡಿಗೆ ಅಂಟ್ಸಿದಾರೆ. ಖುಷಿನಾ?"

"ಲೆಕ್ಕ ಸರಿಯಾಗೇ ಇದೆ ಅಕ್ಕಾ..."

"ಲೆಕ್ಕ ಹಾಳಾಗ್ಲಿ. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ಇಲ್ಲಿ ಕೂತ್ಕೋ."

ಪ್ರೋಗ್ರಾಂ ಮೂರು ಸಲ ತಿರುವಿ ಹಾಕಿದೆ. ತಪ್ಪೇ ಇಲ್ಲ. ಆದರೂ ಐದೂವರೆಗೆ ಅಲಾರಂ ಇಟ್ಟೆ.

ಮಾರ್ಚ್ 8, ಶುಕ್ರವಾರ

ಮೆಟ್ಟಿಲವರೆಗೂ ಜನ. ಎಂಟರೊಳಗೆ ಎಪ್ಪತ್ತು — ಎಣಿಸಿದೆ. ಎಲ್ಲರದೂ ಖಾಲಿ ಹೊಟ್ಟೆ.

"ರಾತ್ರಿಯಿಂದ ಏನೂ ತಿಂದಿಲ್ಲಮ್ಮ. ನೀನೂ ಹಾಗೇ ಬಂದ್ಯಾ?" ಎಂದರು ಪಕ್ಕದ ಅಜ್ಜಿ. ನಾನು ಗಡದ್ದಾಗಿ ತಿಂದು ಹೋಗಿದ್ದೆ. ನಾಚಿಕೆಯಾಯಿತು.

ನನ್ನ ಪ್ರೋಗ್ರಾಮಿನ ಜನ ದಿನವಿಡೀ ಒಬ್ಬೊಬ್ಬರಾಗಿ, ಪುರುಸೊತ್ತಾಗಿ ಬರುತ್ತಾರೆ. ಉಪವಾಸವಿದ್ದವರು ಹಾಗೆ ಬರುತ್ತಾರೆಯೇ? ಹತ್ತು ವರ್ಷದಿಂದ ಪಾಠ ಹೇಳುವವಳಂತೆ ನಾನು!

ಅದೇ ದಿನ, ಸಂಜೆ 5

ಜನ ಬರುವ ಹೊತ್ತನ್ನು ತಿದ್ದಿ ಮತ್ತೆ ಸಾವಿರ ದಿನ ಓಡಿಸಿದೆ. ಎಂಟಕ್ಕೆ ಬಂದವರು ಒಂದು ಕಿಟಕಿಯಾದರೆ ಎರಡೂವರೆ ಗಂಟೆ ಕಾಯಬೇಕು. ಎರಡಿದ್ದರೆ ಮುಕ್ಕಾಲು ಗಂಟೆ. "ತಪ್ಪು ನನ್ನದು" ಎಂದು ಸೂಪರಿಂಟೆಂಡೆಂಟರಿಗೆ ಬರೆದು ಕಳಿಸಿದೆ. ಆಮೇಲೆ ಹಗುರ. ಪುಸ್ತಕದಿಂದ ಹಳೆಯ ಉದಾಹರಣೆ ತೆಗೆಯುವುದಿಲ್ಲ. ತಪ್ಪೂ ಇರಲಿ, ಪಕ್ಕದಲ್ಲೇ ತಿದ್ದಿದ್ದೂ ಇರಲಿ.

ಮಾರ್ಚ್ 11, ಸೋಮವಾರ, ಬೆಳಿಗ್ಗೆ 7.40

ಆಸ್ಪತ್ರೆಯ ಬೆಂಚು. ಉತ್ತರವೇ ಬರಲಿಲ್ಲ, ತಡೆಯಲಾರದೆ ಬಂದೆ. ಎರಡನೇ ಕಿಟಕಿ ಮುಚ್ಚಿದೆ. ಅಕ್ಕ ಒಬ್ಬಳೇ, ತಲೆ ಎತ್ತುತ್ತಿಲ್ಲ.

ಸೂಪರಿಂಟೆಂಡೆಂಟರು ಬಂದರು.

"ಒಂಬತ್ತು ನಿಮಿಷ ಅಂದಿದ್ರಲ್ಲಮ್ಮ?"

"ತಪ್ಪಾಗಿತ್ತು ಸರ್. ಶುಕ್ರವಾರನೇ ಬರೆದಿದ್ದೆ..."

"ಓದ್ದೆ. ಕಣ್ಣಾರೆ ನೋಡೋಣ ಅಂತ ಬಂದೆ."

ಸಾಲಿನ ಕೊನೆಗೆ ಹೋಗಿ ತಾವೇ ನಿಂತರು. ಹನ್ನೆರಡು ನಿಮಿಷದಲ್ಲಿ ಸಾಲು ನಾಲ್ಕು ಹೆಜ್ಜೆ ಸರಿಯಿತು. ಫೋನ್ ತೆಗೆದರು — "ಎರಡನೇ ಕಿಟಕಿಲಿದ್ದ ಹುಡುಗೀನ ವಾರ್ಡಿಂದ ವಾಪಸ್ ಕಳ್ಸಿ. ಈಗ್ಲೇ." ಎರಡನೇ ಕಿಟಕಿ ತೆರೆಯುತ್ತಿದೆ. ಕುಣಿಯುವಷ್ಟು ಖುಷಿ ನನಗೆ.

ಅಕ್ಕ ಕೂಗುತ್ತಿದ್ದಾಳೆ: "ಏ ಮೇಡಮ್ಮು, ಬರ್ದಿದ್ದು ಸಾಕು! ಬಾರೇ, ಆ ಕಡೆ ಸಾಲಿಗೆ ಟೋಕನ್ ಕೊಡು!"

ಹೊರಟೆ. ಮೊದಲ ಟೋಕನ್ ಸಾಲಿನ ಮುಂದೆ ನಿಂತ ಅಜ್ಜನಿಗೆ.